ಬೋರಾನ ಸೀಮೆಯಲ್ಲಿ ದನದ ಹಿಂದೆ

ಮೊದಲ ದಿನ: ಯಬೆಲ್ಲೊ ಕಡೆಗೆ

ಬೋರಾನರು ದಕ್ಷಿಣ ಇಥಿಯೋಪಿಯಾದ ದನಗಾಹಿ ಜನ, ಯಬೆಲ್ಲೊ ಅವರ ಸೀಮೆಯ ಊರು. ರಾಜಧಾನಿ ಅಡಿಸ್ ಅಬಾಬಾದಿಂದ ಹವಾಸಾ, ದಿಲ್ಲಾ, ಬುಲೆ ಹೋರಾ ಹಾದು ಯಬೆಲ್ಲೊ ತಲುಪಲು ಸುಮಾರು 570 ಕಿಲೋಮೀಟರ್. ಕೈರೋದಿಂದ ಕೇಪ್‌ಟೌನ್‌ವರೆಗೆ ಹೋಗುವ ಹೆದ್ದಾರಿಯ ಒಂದು ತುಣುಕು ಇದು. ದಿಲ್ಲಾ ಸುತ್ತಮುತ್ತ ಕಾಫಿ ತೋಟ, ಮನೆಗಳ ಹಿತ್ತಲಲ್ಲಿ ಎನ್ಸೆಟ್. ನೋಡಲು ಬಾಳೆಯೇ, ಆದರೆ ಬೆಳೆಯುವುದು ಗೊನೆಗಲ್ಲ, ದಿಂಡು ಮತ್ತು ಗೆಡ್ಡೆಯ ಹಿಟ್ಟಿಗಾಗಿ. ಬುಲೆ ಹೋರಾ ದಾಟಿ ಇಳಿಯತೊಡಗಿದರೆ ತೋಟ ಮುಗಿದು ಕೆಂಪು ನೆಲ, ಜಾಲಿ, ಆಳೆತ್ತರ ಮೀರಿದ ಹುತ್ತಗಳು ಶುರುವಾಗುತ್ತವೆ.

ಚಳ್ಳಕೆರೆ, ಹಿರಿಯೂರು ಕಡೆಯ ಕಾವಲುಗಳನ್ನು ನೋಡಿದವರಿಗೆ ಈ ನೆಲ ಹೊಸದೆನಿಸದು. ಮಳೆಯೂ ಹೆಚ್ಚುಕಮ್ಮಿ ಅಷ್ಟೇ, ಬಹುಪಾಲು ಕಡೆ ವರ್ಷಕ್ಕೆ 400ರಿಂದ 600 ಮಿಲಿಮೀಟರ್. ಆದರೆ ಅದು ಎರಡು ಕಂತಿನಲ್ಲಿ ಬರುತ್ತದೆ. ಮಾರ್ಚ್‌ನಿಂದ ಮೇವರೆಗಿನದು ಗನ್ನ, ದೊಡ್ಡ ಮಳೆ. ಸೆಪ್ಟೆಂಬರ್ ಕೊನೆಯಿಂದ ನವೆಂಬರ್‌ವರೆಗಿನದು ಹಗಯಾ, ಸಣ್ಣ ಮಳೆ. ನಡುವೆ ಜೂನ್‌ನಿಂದ ಆಗಸ್ಟ್‌ವರೆಗೆ ಮೋಡ ಕವಿದ, ತಂಪಾದ, ಮಳೆಯಿಲ್ಲದ ಅದೋಲೆಸ್ಸ. ಡಿಸೆಂಬರ್‌ನಿಂದ ಫೆಬ್ರವರಿವರೆಗಿನದು ನಿಜವಾದ ಬೇಸಿಗೆ, ಬೋನಾ ಹಗಯಾ. ದನಕ್ಕೆ ನೀರೆತ್ತುವ ಆಳ ಬಾವಿಗಳ ಕೆಲಸ ನೋಡಬೇಕೆಂದರೆ ಜನವರಿ, ಫೆಬ್ರವರಿಯಲ್ಲೇ ಹೋಗಬೇಕು. ಮಳೆಗಾಲದಲ್ಲಿ ಹೋದವರಿಗೆ ಬೇಲಿ ಬಿಗಿದ ಖಾಲಿ ಗುಂಡಿಗಳಷ್ಟೇ ಕಾಣುತ್ತವೆ.

ಊರಿನ ಆಸುಪಾಸಿನಲ್ಲಿ ದನದ ಕಾಲ ಬಳಿ ಕುಪ್ಪಳಿಸುವ, ಕಣ್ಣಿನ ಸುತ್ತ ನೀಲಿ ಬಣ್ಣವಿರುವ ಬೂದು ಕಾಗೆಯೊಂದು ಕಂಡರೆ ಗಮನಿಸಿ. ಇಥಿಯೋಪಿಯಾದ ಈ ಪೊದೆಗಾಗೆ ಪ್ರಪಂಚದಲ್ಲಿ ಇನ್ನೆಲ್ಲೂ ಇಲ್ಲ. ದನ ಮೇಯ್ದು ಗಿಡ್ಡವಾದ ಹುಲ್ಲಿನಲ್ಲಿ, ದೊಡ್ಡಿಯ ಸಗಣಿಯಲ್ಲಿ ಹುಳ ಹುಡುಕಿ ಅದು ಬದುಕುತ್ತದೆ. ಹಕ್ಕಿಗಾಗಿಯೇ ಬರುವ ಪ್ರವಾಸಿಗರು ದನಗಾಹಿಗಳನ್ನು ದಾಟಿ ಹೋಗುವುದು ಒಂದು ವಿಪರ್ಯಾಸ.

ಎರಡನೆಯ ದಿನ: ದುಬ್ಲುಕ್ ಬಾವಿಗಳು

ಯಬೆಲ್ಲೊದಿಂದ ದಕ್ಷಿಣಕ್ಕೆ ಮೇಗಾ ದಾರಿಯಲ್ಲಿ ಸಿಗುವ ಊರು ದುಬ್ಲುಕ್. ಬೋರಾನರು ತುಲಾ ಎಂದು ಕರೆಯುವ ಆಳ ಬಾವಿಗಳ ಒಂಬತ್ತು ಗುಂಪುಗಳಲ್ಲಿ ಒಂದು ಇಲ್ಲಿದೆ. ಮೆಲ್ಬಾನ, ಗಾಯೊ, ಧಾಸ್, ವೆಬ್ ಇನ್ನುಳಿದವುಗಳಲ್ಲಿ ಕೆಲವು. ಒಂದೊಂದು ಗುಂಪಿನಲ್ಲೂ ಹಲವು ಬಾವಿಗಳು. ಕೆಲವು ಹಾಳುಬಿದ್ದಿವೆ, ಕೆಲವು ಇಂದಿಗೂ ನೀರು ಕೊಡುತ್ತಿವೆ. ಯಾವಾಗ, ಯಾರು ಮೊದಲು ತೋಡಿದರೆಂದು ಅವರವರ ಕುಲದ ಕಥೆಗಳು ಹೇಳುತ್ತವೆ. ಕಬ್ಬಿಣದ ಗುದ್ದಲಿ, ಮರದ ಹಾರೆಗಳಲ್ಲಿ ಬಂಡೆ ಸೀಳಿ ತೋಡಿದ್ದೆನ್ನುವುದಂತೂ ಗೋಡೆ ನೋಡಿದರೇ ತಿಳಿಯುತ್ತದೆ.

ಬಾವಿಯ ರಚನೆಯನ್ನು ಮೇಲಿನಿಂದ ಕೆಳಗೆ ನೋಡುತ್ತ ಹೋಗೋಣ. ಮೊದಲು ನೆಲಮಟ್ಟದಲ್ಲಿ ಮುಳ್ಳುಬೇಲಿ ಹಾಕಿದ ಆವರಣ. ಹಿಂಡುಗಳು ಸರದಿ ಕಾಯುವುದು ಇಲ್ಲಿ. ಅಲ್ಲಿಂದ ಇಳಿಜಾರಾಗಿ ಕಡಿದ ಓಣಿ, ಎರಡೂ ಬದಿಗೆ ಎತ್ತರದ ಮಣ್ಣಗೋಡೆ. ದನಗಳು ಸಾಲಾಗಿ ಇದರಲ್ಲಿ ನೆಲದೊಳಕ್ಕೆ ಇಳಿಯುತ್ತವೆ. ಓಣಿಯ ತುದಿಯಲ್ಲಿ, ನೆಲಮಟ್ಟದಿಂದ ಹತ್ತು ಮೀಟರಿನಷ್ಟು ಕೆಳಗೆ, ಜೇಡಿಮಣ್ಣಿನಲ್ಲಿ ಕಟ್ಟಿದ ಉದ್ದನೆಯ ತೊಟ್ಟಿ. ಅದಕ್ಕೆ ನಾನಿಗಾ ಎನ್ನುತ್ತಾರೆ. ತೊಟ್ಟಿಯ ಹಿಂದೆ ನೀರು ಕೂಡಿಡುವ ಹೊಂಡ, ಫಾಚಾ. ಅದರಾಚೆಗೆ ಬಾವಿಯ ಬಾಯಿ. ಒಟ್ಟು ಆಳ ಕೆಲವೆಡೆ 30 ಮೀಟರ್ ಮುಟ್ಟುತ್ತದೆ.

ಇಳಿಜಾರನ್ನು ಇಷ್ಟು ಶ್ರಮಪಟ್ಟು ತೋಡಿದ್ದಕ್ಕೆ ಕಾರಣವಿದೆ. ದನ ತಾನೇ ಹತ್ತು ಮೀಟರ್ ಕೆಳಗಿಳಿದು ಬಂದರೆ ನೀರನ್ನು ಅಷ್ಟು ಮೇಲೆ ಎತ್ತುವ ಕೆಲಸ ತಪ್ಪುತ್ತದೆ. ಉಳಿದ ಆಳಕ್ಕೆ ಮನುಷ್ಯರ ಸಾಲು. ಗೋಡೆಯ ಮೆಟ್ಟಿಲಿನಂಥ ಚಾಚುಗಳಲ್ಲಿ, ಅಡ್ಡ ಬಿಗಿದ ಮರದ ತೊಲೆಗಳ ಮೇಲೆ ಒಬ್ಬರ ಮೇಲೊಬ್ಬರು ನಿಂತು ಬಕೆಟ್ಟನ್ನು ಕೈಯಿಂದ ಕೈಗೆ ಎಸೆಯುತ್ತಾರೆ. ತುಂಬಿದ್ದು ಮೇಲೆ, ಖಾಲಿಯಾದದ್ದು ಕೆಳಗೆ, ಎರಡೂ ಒಟ್ಟಿಗೆ. ಹಿಂದೆ ಇದಕ್ಕೆ ಜಿರಾಫೆಯ ತೊಗಲಿನ ಓಕೊಲೆ ಎಂಬ ಪಾತ್ರೆ ಇತ್ತು. ಈಗ ಮೇಲ್ಭಾಗ ಕತ್ತರಿಸಿದ ಪ್ಲಾಸ್ಟಿಕ್ ಕ್ಯಾನು. ಹಾಡಿನ ಕೆಲಸವೂ ಇಲ್ಲೇ. ಒಬ್ಬ ಸೊಲ್ಲು ಎತ್ತುತ್ತಾನೆ, ಉಳಿದವರು ಹಿಮ್ಮೇಳ ಹಿಡಿಯುತ್ತಾರೆ. ಲಯ ತಪ್ಪಿದರೆ ಎಸೆದ ಪಾತ್ರೆ ಕೈಗೆ ಸಿಗದು, ಕೆಳಗಿದ್ದವನ ತಲೆಗೆ ಬೀಳುತ್ತದೆ. ಪ್ರವಾಸಿ ಕರಪತ್ರಗಳು ಇವನ್ನು ಹಾಡುವ ಬಾವಿಗಳೆಂದು ಬಣ್ಣಿಸಿ ಅಲ್ಲಿಗೇ ಬಿಡುತ್ತವೆ. ಹಾಡು ಇಲ್ಲಿ ಯಂತ್ರದ ಒಂದು ಭಾಗ.

ಲೆಕ್ಕ ಹಾಕಿದರೆ ಶ್ರಮ ಅರ್ಥವಾಗುತ್ತದೆ. ಮೂರು ದಿನಕ್ಕೊಮ್ಮೆ ನೀರು ಕಾಣುವ ಹಸು ಒಂದು ಸಲಕ್ಕೆ 50 ಲೀಟರ್ ಕುಡಿಯುತ್ತದೆ ಎಂದುಕೊಳ್ಳಿ. ನೂರು ದನಕ್ಕೆ 5,000 ಲೀಟರ್. 5 ಲೀಟರಿನ ಪಾತ್ರೆಯಾದರೆ ಸಾವಿರ ಸಲ ಎತ್ತಬೇಕು, ಪ್ರತಿ ಸಲವೂ ಸಾಲಿನಲ್ಲಿ ನಿಂತ ಎಲ್ಲರ ಕೈ ದಾಟಿ ಬರಬೇಕು. ಒಂದು ಹಿಂಡಿನ ನೀರಿಗೇ ಇಷ್ಟು. ಬೇಸಿಗೆಯ ಕೊನೆಗೆ ನೀರಿನ ಮಟ್ಟ ಇಳಿದಂತೆ ಸಾಲಿಗೆ ಇನ್ನಷ್ಟು ಜನ ಬೇಕು, ಆದರೆ ಅದೇ ಹೊತ್ತಿಗೆ ಅರೆಹೊಟ್ಟೆಯಲ್ಲಿರುವ ಜನರ ತೋಳಿನ ಶಕ್ತಿಯೂ ಇಳಿದಿರುತ್ತದೆ. ಬರಗಾಲದಲ್ಲಿ ದನ ಸಾಯುವುದು ನೀರಿಲ್ಲದೆ ಎನ್ನುವುದಕ್ಕಿಂತ ನೀರೆತ್ತುವವರಿಲ್ಲದೆ ಎನ್ನುವ ಸಂದರ್ಭಗಳೂ ಇವೆ.

ನೀರಿಗೆ ದುಡ್ಡಿಲ್ಲ. ಆದರೆ ಪಾಳಿ ಇದೆ. ಬಾವಿಯನ್ನು ಮೊದಲು ತೋಡಿಸಿದವನ ವಂಶದ ಹಿರಿಯ ಕೊನ್ಫಿ. ತೋಡುವ ಕಾಲಕ್ಕೆ ಕೆಲಸಗಾರರಿಗೆ ಉಣಿಸಲು ದನ ಕೊಟ್ಟವರು ಅವನ ಕಡೆಯವರು, ಹಾಗಾಗಿ ಅವನ ಹಿಂಡಿಗೆ ಮೊದಲ ಮರ್ಯಾದೆ. ದಿನದಿನದ ಸರದಿ ನೋಡಿಕೊಳ್ಳುವವನು ಅಬ್ಬಾ ಹೆರೆಗಾ. ಯಾರ ಹಿಂಡು ಯಾವ ದಿನ, ಯಾವ ಹೊತ್ತು, ಯಾರ ಮನೆಯಿಂದ ಎಷ್ಟು ಕೈ ಬರಬೇಕು, ತೊಟ್ಟಿ ಯಾರು ಮೆತ್ತಬೇಕು ಎನ್ನುವುದೆಲ್ಲ ಅವನ ಕೈಯಲ್ಲಿ. ತಕರಾರಾದರೆ ಬಾವಿಯ ಸಭೆ ಸೇರುತ್ತದೆ. ಪಾಳಿ ತಪ್ಪಿಸಿದವನನ್ನು ಹೊಡೆಯುವುದಿಲ್ಲ, ಅವನ ಸರದಿ ಹಿಂದಕ್ಕೆ ಹೋಗುತ್ತದೆ. ಬಾಯಾರಿದ ಹಿಂಡು ಹಿಡಿದು ಕಾಯುವವನಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಬೇಡ.

ಕೆಡುವುದು ಎಲ್ಲೆಲ್ಲಿ? ಬಾಯಾರಿದ ದನ ನೀರಿನ ವಾಸನೆಗೆ ನುಗ್ಗುತ್ತವೆ. ಓಣಿಯಲ್ಲಿ ಒಂದು ಎಡವಿದರೆ ಹಿಂದಿನವು ಅದರ ಮೇಲೆ. ಆದ್ದರಿಂದ ತೊಟ್ಟಿಯ ಉದ್ದಕ್ಕೆ ಹಿಡಿಸುವಷ್ಟನ್ನೇ ಒಂದು ಸಲಕ್ಕೆ ಬಿಡುತ್ತಾರೆ, ಅವು ಹೊರಬಿದ್ದ ಮೇಲೆ ಮುಂದಿನವು. ಓಣಿಯ ಸಗಣಿಯನ್ನು ಆಗಾಗ ಬಳಿದು ಹೊರಹಾಕದಿದ್ದರೆ ಅದು ಜಾರಿ ತೊಟ್ಟಿ ಸೇರುತ್ತದೆ. ಜೇಡಿಮಣ್ಣಿನ ತೊಟ್ಟಿ ಒಣಗಿದರೆ ಬಿರಿಯುತ್ತದೆ, ಬಿರಿದರೆ ಎತ್ತಿದ ನೀರು ಸೋರುತ್ತದೆ, ಹಾಗಾಗಿ ಮೆತ್ತುವ ಕೆಲಸ ಮುಗಿಯುವುದೇ ಇಲ್ಲ. ಎಲ್ಲಕ್ಕಿಂತ ದೊಡ್ಡ ಅಪಾಯ ಮಳೆಯದು. ಓಣಿಯೇ ಕಾಲುವೆಯಾಗಿ ನೀರು, ಹೂಳು ಒಳನುಗ್ಗಿ ಬಾವಿ ಮುಚ್ಚಿಹೋಗುತ್ತದೆ, ಗೋಡೆ ಕುಸಿಯುತ್ತದೆ. ಹೂಳು ತೆಗೆಯುವುದು ಕುಲವೆಲ್ಲ ಸೇರಿ ಮಾಡಬೇಕಾದ ಕೆಲಸ. ಕೆಲವು ಬಾವಿಗಳ ತೊಟ್ಟಿಗೆ, ಗೋಡೆಗೆ ಈಗ ಸಿಮೆಂಟ್ ಬಂದಿದೆ, ಅದು ಒಳ್ಳೆಯದೇ. ಮೋಟಾರು ಕೂರಿಸಿದಲ್ಲಿ ಡೀಸೆಲ್ ಯಾರು ತರಬೇಕು, ಕೆಟ್ಟರೆ ಯಾರು ರಿಪೇರಿ ಮಾಡಿಸಬೇಕು ಎನ್ನುವ ಹೊಸ ತಕರಾರು ಹುಟ್ಟುತ್ತದೆ. ಹಳೆಯ ಪಾಳಿಯಲ್ಲಿ ಅದಕ್ಕೆ ಉತ್ತರವಿಲ್ಲ.

ಮೂರು ದಿನಕ್ಕೊಮ್ಮೆ ಏಕೆ ಎನ್ನುವುದು ಈ ಸೀಮೆಯನ್ನು ಅರ್ಥಮಾಡಿಕೊಳ್ಳುವ ಕೀಲಿಕೈ. ದಿನವೂ ನೀರಿಗೆ ಬರಬೇಕಾದ ದನ ಬಾವಿಯಿಂದ ಏಳು ಕಿಲೋಮೀಟರಿಗಿಂತ ದೂರ ಹೋಗಿ ಮೇಯಲಾರದು. ಮೂರು ದಿನಕ್ಕೊಮ್ಮೆ ಬಂದರೆ ಸಾಕೆಂದರೆ ಹದಿನೈದು ಕಿಲೋಮೀಟರ್ ಹೋಗಬಹುದು. ದೂರ ಎರಡು ಪಟ್ಟು ಆದರೆ ಮೇವಿನ ನೆಲ ನಾಲ್ಕು ಪಟ್ಟಿಗೂ ಮಿಕ್ಕುತ್ತದೆ: 150 ಚದರ ಕಿಲೋಮೀಟರ್ ಇದ್ದದ್ದು ಸುಮಾರು 700 ಆಗುತ್ತದೆ. ಅದೂ ಅಲ್ಲದೆ ಅಪರೂಪಕ್ಕೆ ಕುಡಿಯುವ ದನ ಒಟ್ಟಾರೆ ಕುಡಿಯುವ ನೀರೂ ಕಡಿಮೆ. ಹಾಲು ಒಂದಿಷ್ಟು ತಗ್ಗುತ್ತದೆ, ಅದನ್ನು ಅವರು ಗೊತ್ತಿದ್ದೇ ಒಪ್ಪಿಕೊಂಡಿದ್ದಾರೆ. ಇವತ್ತು ದುಬ್ಲುಕ್‌ನಲ್ಲಿ ಕುಡಿದ ಹಿಂಡು ಮತ್ತೆ ನೀರು ಕಾಣುವುದು ಈ ಪ್ರವಾಸದ ಐದನೆಯ ದಿನ.

ಒಂದು ಸೂಚನೆ: ಅಬ್ಬಾ ಹೆರೆಗಾನ ಅನುಮತಿಯಿಲ್ಲದೆ ಓಣಿಗೆ ಇಳಿಯಬಾರದು. ದನ ಇಳಿಯುವಾಗ ಎದುರಿಗೆ ಕ್ಯಾಮೆರಾ ಹಿಡಿದು ನಿಂತರೆ ಅವು ಬೆದರಿ ಹಿಂದಿರುಗುತ್ತವೆ, ಸಾಲೆಲ್ಲ ಕೆಡುತ್ತದೆ.

ಮೂರನೆಯ ದಿನ: ಓಲಾದಲ್ಲಿ

ಓಲಾ ಎಂದರೆ ಹತ್ತಾರು ಮನೆಗಳ ಹಟ್ಟಿ. ಅದರ ಯಜಮಾನ ಅಬ್ಬಾ ಓಲಾ. ಗುಡಿಸಲಿನ ಪಕ್ಕದಲ್ಲೇ ಮುಳ್ಳಿನ ದೊಡ್ಡಿ. ಭೇಟಿಯಾದವರು ಮೊದಲು ಕೇಳುವುದು ‘ನಗಾ?’ ಎಂದು. ನೆಮ್ಮದಿಯೇ? ಮನೆಯವರು ನೆಮ್ಮದಿಯೇ, ದನ ನೆಮ್ಮದಿಯೇ, ಮೇವು, ಮಳೆ ಹೇಗೆ ಎಂದು ಮಾತು ಬೆಳೆಯುತ್ತದೆ. ಇದು ಬರೀ ಉಪಚಾರದ ಮಾತಲ್ಲ. ದೂರದಿಂದ ಬಂದವನು ಯಾವ ದಿಕ್ಕಿನಲ್ಲಿ ಮಳೆ ಬಿತ್ತು, ಎಲ್ಲಿ ಕಾಯಿಲೆ ಇದೆ ಎಂದು ಹೇಳಲೇಬೇಕು. ಪತ್ರಿಕೆಯ ಕೆಲಸ ಇಲ್ಲಿ ಕುಶಲೋಪರಿಯೇ ಮಾಡುತ್ತದೆ.

ಹಿಂಡು ಎರಡು ಪಾಲು. ಕರೆಯುವ ಹಸು, ಕರು, ಮುದಿ ದನ ಹಟ್ಟಿಯ ಬಳಿ ಇರುತ್ತವೆ, ಅದು ವರ್ರಾ. ಗೊಡ್ಡು ಹಸು, ಹೋರಿ, ಎತ್ತುಗಳನ್ನು ಯುವಕರು ದೂರದ ಮೇವಿಗೆ ಹೊಡೆದುಕೊಂಡು ಹೋಗುತ್ತಾರೆ, ಅದು ಫೋರಾ. ಹಾಲು ಕೊಡದ ಬಾಯಿಗಳು ಹಟ್ಟಿಯ ಹುಲ್ಲು ತಿನ್ನಬಾರದು ಎನ್ನುವುದು ಲೆಕ್ಕ. ಫೋರಾದ ಹುಡುಗರು ತಿಂಗಳುಗಟ್ಟಲೆ ಹೊರಗೇ. ಒಂದೇ ಹಿಂಡಿನಲ್ಲಿ ಎಲ್ಲ ಇಟ್ಟುಕೊಂಡರೆ ಹಸು ಸೊರಗುವುದು ಮೊದಲು, ಆಮೇಲೆ ಕರು.

ಕರುಗಳಿಗೆ ಕಾಲೊ ಎಂಬ ಮೀಸಲು ಹುಲ್ಲುಗಾವಲಿದೆ. ಮಳೆಗಾಲದಲ್ಲಿ ಮುಳ್ಳುಬೇಲಿ ಹಾಕಿ ದನ ಬಿಡದೆ ಉಳಿಸಿದ ಹುಲ್ಲು. ಬೇಸಿಗೆಯಲ್ಲಿ ಅದು ಕರುಗಳಿಗೆ, ನಡೆಯಲಾರದ ಕಾಯಿಲೆಯ ದನಕ್ಕೆ ಮಾತ್ರ. ಇನ್ನೂ ಎಳೆಯ ಕರುಗಳು ಗುಡಿಸಲಿನೊಳಗೆ, ಹೆಂಗಸರು ಕೊಯ್ದು ತಂದ ಹುಲ್ಲು ತಿಂದುಕೊಂಡು ಇರುತ್ತವೆ. ಈಚೆಗೆ ಕಾಲೊ ಹೆಸರಿನಲ್ಲಿ ಸ್ವಂತಕ್ಕೆ ದೊಡ್ಡ ದೊಡ್ಡ ಬೇಲಿ ಹಾಕಿಕೊಳ್ಳುವ ಚಾಳಿ ಬೆಳೆದಿದೆ. ಕೆಲವು ಕಡೆ ಹಿರಿಯರೇ ಕೂಡಿ ಅಂಥ ಬೇಲಿಗಳನ್ನು ಕೀಳಿಸಿದ್ದಾರೆ. ಹಟ್ಟಿಯ ಎಲ್ಲರ ಕರುಗಳಿಗೂ ಬಾಗಿಲು ತೆರೆದಿದ್ದರೆ ಅದು ಕಾಲೊ, ಇಲ್ಲದಿದ್ದರೆ ಒತ್ತುವರಿ.

ಕರೆಯುವವರು ಹೆಂಗಸರು. ಮೊದಲು ಕರು ಬಿಟ್ಟು ಸೊರೆಯಿಸಿ, ಆಮೇಲೆ ಎರಡು ಮೊಲೆ ಕರುವಿಗೆ, ಎರಡು ಮನೆಗೆ. ಕರುವಿನ ಪಾಲಿಗೆ ಕೈಹಾಕುವ ಮನೆಯಲ್ಲಿ ಮುಂದಿನ ವರ್ಷ ಹಿಂಡು ಬೆಳೆಯದು, ಇದು ಅನುಭವದ ಮಾತು. ಬರ ಬಂದಾಗ ಎಷ್ಟು ಕರೆಯಬೇಕು, ಎಷ್ಟು ಬಿಡಬೇಕು ಎಂದು ತೀರ್ಮಾನಿಸುವವಳೂ ಮನೆಯಾಕೆಯೇ.

ಹಾಲಿನ ಪಾತ್ರೆ ಗೊರ್ಫಾ. ಕಾಡು ಶತಾವರಿಯ ಜಾತಿಯ ಗಿಡದ ಬೇರಿನ ನಾರಿನಲ್ಲಿ ಹನಿ ಸೋರದಷ್ಟು ಬಿಗಿಯಾಗಿ ನೇಯ್ದದ್ದು. ಬಳಸುವ ಕ್ರಮ ಹೀಗೆ. ಬಿಸಿನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಬೇಕು. ಆರಿಸಿದ ಜಾತಿಯ ಕಟ್ಟಿಗೆಯ ತುದಿಯನ್ನು ಕೆಂಡ ಮಾಡಿ ಪಾತ್ರೆಯೊಳಗೆ ಇಳಿಸಿ, ಆಡಿಸುತ್ತ, ಬಾಯಿ ಮುಚ್ಚಿ ಹೊಗೆ ಕಟ್ಟಬೇಕು. ಬೂದಿ, ಇದ್ದಲ ಚೂರು ಕೊಡವಿ ಒರೆಸಿ ಹಾಲು ಸುರಿಯಬೇಕು. ಕಟ್ಟಿಗೆಗಳಲ್ಲಿ ಒಂದು ನಮ್ಮ ಹೊಲದ ಬದುಗಳಲ್ಲಿರುವ ಕರಿಜಾಲಿಯೇ. ಹೊಗೆಯ ಫೀನಾಲುಗಳು ಬೇಡದ ಬ್ಯಾಕ್ಟೀರಿಯಾವನ್ನು ತಡೆಯುತ್ತವೆ, ಹಾಲಿಗೆ ಪರಿಮಳವನ್ನೂ ಕೊಡುತ್ತವೆ. ಹಸಿ ಕಟ್ಟಿಗೆಯಾದರೆ ಮಸಿ ಹಿಡಿದು ಹಾಲು ಕಹಿ. ಪಾತ್ರೆ ಒಣಗದೆ ಹೊಗೆ ಹಾಕಿದರೆ ನಾರಿನ ನಡುವೆ ಬೂಷ್ಟು.

ಇದೇ ಗೊರ್ಫಾದಲ್ಲಿ ಇತಿತು ಆಗುತ್ತದೆ. ಹಾಲು ತುಂಬಿ ಒಂದೆರಡು ದಿನ ಬಿಟ್ಟರೆ ಹೆಪ್ಪುಗಟ್ಟುತ್ತದೆ. ತಳದಲ್ಲಿ ಬಿಟ್ಟ ತಿಳಿನೀರನ್ನು ಮರದ ಕೊಳವೆಯಿಂದ ಹೀರಿ ತೆಗೆದು, ಆ ಜಾಗಕ್ಕೆ ಹೊಸ ಹಾಲು. ಮತ್ತೆ ಹೆಪ್ಪು, ಮತ್ತೆ ತಿಳಿ ತೆಗೆಯುವುದು. ಪಾತ್ರೆ ತುಂಬ ಗಟ್ಟಿ ಮೊಸರು ಸೇರುವವರೆಗೆ ಹೀಗೇ. ತಂಪು ಪೆಟ್ಟಿಗೆಯಿಲ್ಲದೆ ವಾರಗಟ್ಟಲೆ ಇರುತ್ತದೆ. ಹೊಸ ಹಾಲು ಹಾಕಿದಾಗಲೆಲ್ಲ ಕಲಕುವವರ ಇತಿತು ನೊರೆ ಬಂದು ಹುಳಿಯುತ್ತದೆ. ಬಸುರಿ, ಬಾಣಂತಿ, ದೂರದ ನೆಂಟರು, ಫೋರಾಕ್ಕೆ ಹೊರಟ ಮಗ, ಇವರಿಗೆ ಇತಿತು. ದಿನನಿತ್ಯಕ್ಕೆ ಅಷ್ಟು ಹಾಲು ಎಲ್ಲಿಂದ ಬರಬೇಕು?

ನಾಲ್ಕನೆಯ ದಿನ: ಉಪ್ಪು, ಹುಲ್ಲು, ಬೆಂಕಿ

ಬೆಳಿಗ್ಗೆ ಎಲ್ ಸೋಡ್. ಆರಿದ ಅಗ್ನಿಪರ್ವತದ ಬಾಯಿಯಲ್ಲಿ ಕಪ್ಪು ಉಪ್ಪಿನ ಕೆರೆ. ಗಂಡಸರು ನೀರಿಗಿಳಿದು ತಳದ ಉಪ್ಪುಕೆಸರನ್ನು ಬಗೆದು ತರುತ್ತಾರೆ, ಕತ್ತೆಗಳು ಕಡಿದಾದ ದಾರಿಯಲ್ಲಿ ಮೇಲಕ್ಕೆ ಹೊರುತ್ತವೆ. ಕಪ್ಪುಕೆಸರು ದನಕ್ಕೆ, ಬಿಳಿ ಹರಳು ಮನುಷ್ಯರಿಗೆ. ಇಳಿಯುವುದು ಸುಲಭ, ಹತ್ತುವುದು ಒಂದು ತಾಸಿನ ಮೇಲಾಗುತ್ತದೆ, ಬಿಸಿಲೇರುವ ಮೊದಲೇ ಮುಗಿಸಿಕೊಳ್ಳಿ.

ಮಧ್ಯಾಹ್ನದ ನಂತರ ಹುಲ್ಲಿನ ಕಡೆಗೆ. ಹೊಸ ಜಾಗಕ್ಕೆ ಹಿಂಡು ಹೊರಡುವ ಮುಂಚೆ ನೋಡಿಬರಲು ಅನುಭವಿಗಳನ್ನು ಕಳಿಸುತ್ತಾರೆ, ಆ ಕೆಲಸಕ್ಕೆ ಅಬುರು ಎಂದು ಹೆಸರು. ಅವರು ನೋಡುವುದು ಹುಲ್ಲು ಎಷ್ಟಿದೆ ಎಂದಷ್ಟೇ ಅಲ್ಲ. ಯಾವ ಹುಲ್ಲು? ಮತಗುದೇಸ್ಸ ಇದ್ದರೆ ಒಳ್ಳೆಯದು. ಒಣಭೂಮಿಗೆಂದು ನಮ್ಮಲ್ಲೂ ಬಿತ್ತುವ ಅಂಜನ್ ಹುಲ್ಲೇ ಇದು. ಮಳೆ ಬಿದ್ದ ಕೂಡಲೆ ಚಿಗುರುವುದು, ಕಾಲ್ತುಳಿತ ತಡೆಯುವುದು, ಒಣಗಿ ನಿಂತರೂ ರುಚಿ ಉಳಿಸಿಕೊಳ್ಳುವುದು, ಇಂತಿಂಥದೆಂದು ಒಂದೊಂದಕ್ಕೂ ಗುಣ ಹೇಳುತ್ತಾರೆ. ಮಣ್ಣು ಯಾವುದು? ಕಪ್ಪುಮಣ್ಣಿನ ಕೊಟಿಚ ತಗ್ಗುಗಳಲ್ಲಿ ಹುಲ್ಲು ಬೇಸಿಗೆಗೂ ಉಳಿಯುತ್ತದೆ, ಮಳೆಯಲ್ಲಿ ಮಾತ್ರ ದನದ ಕಾಲು ಹೂತು ಗೊರಸು ಕೊಳೆಯುತ್ತದೆ. ಕೆಂಪುಮಣ್ಣು ಮಳೆಗಾಲಕ್ಕೆ ಹಿತ. ಉಣ್ಣೆಹುಳ ಎಷ್ಟಿದೆ, ಪಕ್ಕದ ಹಿಂಡುಗಳಲ್ಲಿ ಕಾಯಿಲೆ ಇದೆಯೆ, ಅಲ್ಲಿಯ ಬಾವಿಯ ಪಾಳಿಯಲ್ಲಿ ಜಾಗ ಸಿಗುತ್ತದೆಯೆ, ಯಾರೊಂದಿಗೆ ಜಗಳವಿದೆ. ಅಲ್ಲಿ ಆಗಲೇ ಇರುವ ದನದ ಮೈ, ಕೂದಲಿನ ಹೊಳಪು, ಸಗಣಿಯ ಹದ ನೋಡಿಯೂ ಮೇವಿನ ಗುಣ ಹೇಳುತ್ತಾರೆ. ಗಟ್ಟಿ ಉಂಡೆಯಾಗಿ ಬಿದ್ದ ಸಗಣಿ ಒಣಹುಲ್ಲಿನ ಗುರುತು, ತೀರ ನೀರಾದದ್ದು ಹೊಸ ಚಿಗುರಿನದು.

2012ರಿಂದ ಬೋರಾನದಲ್ಲಿ ಉಪಗ್ರಹ ಆಧಾರಿತ ಜಾನುವಾರು ವಿಮೆ ಇದೆ. ನೆಲ ಎಷ್ಟು ಹಸಿರಾಗಿದೆಯೆಂದು ಆಕಾಶದಿಂದ ಅಳೆದು, ಹಸಿರು ಮಿತಿಗಿಂತ ಇಳಿದರೆ ಪರಿಹಾರ. ಒಬ್ಬೊಬ್ಬರ ದನ ಎಣಿಸಬೇಕಿಲ್ಲ ಎನ್ನುವುದು ಅದರ ದೊಡ್ಡ ಅನುಕೂಲ. ಆದರೆ ದನ ತಿನ್ನದ ಮುಳ್ಳುಪೊದೆಯೂ ಆಕಾಶದಿಂದ ಹಸಿರೇ. ಅಬುರು ಹೋದವನು ಮೊದಲು ಬೇರ್ಪಡಿಸುವುದು ಇದನ್ನೇ. ಇವೆರಡನ್ನು ಎದುರಾಳಿಗಳೆಂದು ನೋಡುವುದಕ್ಕಿಂತ, ಉಪಗ್ರಹ ಅಳತೆಯ ತಪ್ಪನ್ನು ನೆಲ ಬಲ್ಲವರಿಂದ ತಿದ್ದಿಸಿಕೊಳ್ಳುವುದು ಜಾಣತನ.

ಅಷ್ಟು ಪೊದೆ ಬಂದದ್ದಾದರೂ ಹೇಗೆ? ಹಿಂದೆ ಬೇಸಿಗೆಯ ಕೊನೆಗೆ, ಮಳೆ ಹತ್ತಿರವಾದಾಗ, ಒಣಹುಲ್ಲಿಗೆ ಬೆಂಕಿ ಕೊಡುತ್ತಿದ್ದರು. ಎಳೆಯ ಜಾಲಿ ಸುಡುತ್ತಿತ್ತು, ಉಣ್ಣೆ ಸಾಯುತ್ತಿತ್ತು, ಮಳೆ ಬಿದ್ದೊಡನೆ ಹೊಸ ಹುಲ್ಲು. 1970ರ ದಶಕದಲ್ಲಿ ಸರ್ಕಾರ ಬೆಂಕಿಯನ್ನು ನಿಷೇಧಿಸಿತು. ಅದೇ ಕಾಲಕ್ಕೆ ಅಭಿವೃದ್ಧಿ ಯೋಜನೆಯವರು ಮಳೆಗಾಲದ ಹುಲ್ಲುಗಾವಲುಗಳಲ್ಲಿ ಯಂತ್ರದಿಂದ ದೊಡ್ಡ ಹೊಂಡ ತೋಡಿಸಿದರು. ನೀರು ಉಳಿದದ್ದರಿಂದ ಜನ ಅಲ್ಲಿಯೇ ನೆಲೆ ನಿಂತರು. ಮಳೆಗಾಲ ಮುಗಿದ ಕೂಡಲೆ ಬಿಟ್ಟುಬರಬೇಕಿದ್ದ ಹುಲ್ಲು ವರ್ಷವಿಡೀ ಮೇಯ್ದುಹೋಯಿತು. ಹುಲ್ಲಿಲ್ಲದ ನೆಲದಲ್ಲಿ ಬೆಂಕಿ ಹರಡದು, ಬೆಂಕಿಯಿಲ್ಲದೆ ಜಾಲಿ ಬಗ್ಗದು. ಆಮೇಲೆ ನಿಷೇಧ ಸಡಿಲವಾಗಿ ಪ್ರಾಯೋಗಿಕವಾಗಿ ಬೆಂಕಿ ಕೊಟ್ಟು ನೋಡಿದ್ದೂ ಉಂಟು. ಆದರೆ ಅದಕ್ಕೆ ಮೊದಲು ಒಂದು ಮಳೆಗಾಲ ದನ ಬಿಡದೆ ಹುಲ್ಲು ಬೆಳೆಸಬೇಕು, ದೊಡ್ಡ ಮರಗಳನ್ನು ಕಡಿಯಬೇಕು, ಕಡಿದ ಬುಡ ಮತ್ತೆ ಚಿಗುರದಂತೆ ನೋಡಿಕೊಳ್ಳಬೇಕು. ಬಳ್ಳಾರಿ ಜಾಲಿ ಕಡಿದು ಸೋತವರಿಗೆ ಈ ಕಷ್ಟ ಬಿಡಿಸಿ ಹೇಳಬೇಕಿಲ್ಲ. ಅದೇ ಬಳ್ಳಾರಿ ಜಾಲಿ ಇಥಿಯೋಪಿಯಾದ ಈಶಾನ್ಯದ ಅಫಾರ್ ಸೀಮೆಯನ್ನು ನುಂಗುತ್ತಿದೆ.

ಬಾವಿಯನ್ನು ಮಳೆಗಾಲದಲ್ಲಿ ಮುಚ್ಚುವುದರ ಅರ್ಥವೂ ಇಲ್ಲಿದೆ. ಮಳೆಯಲ್ಲಿ ದನ ದೂರದ ಹೊಂಡಗಳ ನೀರು ಕುಡಿದು ಅಲ್ಲಿಯ ಹುಲ್ಲು ಮೇಯಬೇಕು, ಬಾವಿಯ ಸುತ್ತಲ ಹುಲ್ಲು ಆಗ ಬೆಳೆಯಬೇಕು. ನೀರಿನ ಬಾಗಿಲು ತೆರೆದು ಮುಚ್ಚುವುದರ ಮೂಲಕವೇ ಹುಲ್ಲನ್ನು ಕಾಯುವ ಉಪಾಯ. ಹೊಂಡ ತೋಡಿಸಿದ ಎಂಜಿನಿಯರುಗಳು ನೀರಿನ ಕೊರತೆಯನ್ನು ಕಂಡರು. ಕೊರತೆಯೂ ಒಂದು ಬೇಲಿ ಎನ್ನುವುದು ಅವರ ನಕ್ಷೆಯಲ್ಲಿ ಇರಲಿಲ್ಲ. ಅಮೃತಮಹಲ್ ಕಾವಲುಗಳನ್ನು ಬೇಸಿಗೆಯದು, ಮಳೆಗಾಲದ್ದು, ಚಳಿಗಾಲದ್ದೆಂದು ವಿಂಗಡಿಸಿದ್ದವರಿಗೆ ಇದು ತಿಳಿದಿತ್ತು.

ಐದನೆಯ ದಿನ: ನೀರಿನ ದಿನ, ಸಂತೆ

ಹಿಂಡು ಬಾವಿಗೆ ಮರಳುವ ದಿನ. ನೀರು ಕುಡಿದ ದನವನ್ನು ಕೂಡಲೆ ಓಡಿಸುವುದಿಲ್ಲ, ನೆರಳಲ್ಲಿ ಮಲಗಿಸಿ ಮೆಲುಕು ಹಾಕಲು ಬಿಡುತ್ತಾರೆ.

ಮಧ್ಯಾಹ್ನ ಸಂತೆ. ವಾರ ಯಾವುದೆಂದು ಮೊದಲೇ ವಿಚಾರಿಸಿಕೊಂಡರೆ ಪ್ರವಾಸವನ್ನು ಅದಕ್ಕೆ ಹೊಂದಿಸಿಕೊಳ್ಳಬಹುದು. ಇಲ್ಲಿಂದ ಎಳೆ ಹೋರಿಗಳು ಅಡಾಮಾ ಪಟ್ಟಣದ ಕೊಬ್ಬಿಸುವ ಕೊಟ್ಟಿಗೆಗಳಿಗೆ ಹೋಗಿ, ಮುಂದೆ ಹೊರದೇಶಕ್ಕೆ. ಕೊಳ್ಳುವವನು ಬಾಯಿ ಬಿಡಿಸಿ ಹಲ್ಲು ನೋಡುವುದು ನಮ್ಮ ಜಾತ್ರೆಗಳಂತೆಯೇ: ಹಾಲುಹಲ್ಲು, ಎರಡು ಹಲ್ಲು, ನಾಲ್ಕು, ಆರು, ಬಾಯಿಗೂಡಿದ್ದು. ಆಮೇಲೆ ಬಾಲದ ಬುಡ, ಪಕ್ಕೆಲುಬು, ಡುಬ್ಬ ಮುಟ್ಟಿ ಮಾಂಸ ಎಷ್ಟಿದೆಯೆಂದು ಅಂದಾಜು. ಅಡಿಸ್ ಅಬಾಬಾದಲ್ಲಿದ್ದ ಅಂತರರಾಷ್ಟ್ರೀಯ ಜಾನುವಾರು ಸಂಶೋಧನಾ ಕೇಂದ್ರ 1986ರಲ್ಲಿ ಡುಬ್ಬದ ದನಕ್ಕೆಂದು ಪ್ರಕಟಿಸಿದ ಒಂಬತ್ತು ಹಂತದ ಮೈಕಟ್ಟಿನ ಅಳತೆಯಲ್ಲೂ ನೋಡುವುದು ಬಹುಪಾಲು ಇವೇ ಜಾಗಗಳನ್ನು.

ಹೋರಿ ಆರಿಸುವಾಗ ಅದರ ಮೈಗಿಂತ ಮೊದಲು ತಾಯಿಯ ಚರಿತ್ರೆ ಕೇಳುತ್ತಾರೆ. ಎಷ್ಟು ಕರು ಹಾಕಿತು, ಬರಗಾಲ ಹೇಗೆ ದಾಟಿತು, ಎಷ್ಟು ಹಾಲು, ಮಂದೆಯಲ್ಲಿ ಹೇಗಿತ್ತು. ಉಳಿದ ಗಂಡುಗಳ ಬೀಜ ಒಡೆಯುತ್ತಾರೆ. ಕೆನ್ಯಾದ ದೊಡ್ಡ ಫಾರ್ಮುಗಳು ಬೆಳೆಸಿ ಹೆಸರು ಮಾಡಿದ ಬೋರಾನ್ ತಳಿಯ ಬೇರು ಈ ಆಯ್ಕೆಯಲ್ಲಿದೆ. ಮುಂದೆ ಅದರ ಭ್ರೂಣಗಳು ಆಸ್ಟ್ರೇಲಿಯಾಕ್ಕೂ ಹೋದವು.

ಕಾಯಿಲೆಯ ಮಾತು ಹೆಚ್ಚು ನಡೆಯುವುದೂ ಸಂತೆಯಲ್ಲೇ. ಸೋಂಬೆಸ್ಸ ಎಂದರೆ ಶ್ವಾಸಕೋಶದ ಅಂಟುರೋಗ. ಮೊಣಕೈ ಹೊರಚಾಚಿ, ಕತ್ತು ಮುಂದೆ ನೀಡಿ, ಕೆಮ್ಮುತ್ತ ನಿಲ್ಲುವ ದನವನ್ನು ದೂರದಿಂದಲೇ ಗುರುತಿಸುತ್ತಾರೆ. ಗಂಡಿ ಎಂದರೆ ತ್ಸೆತ್ಸೆ ನೊಣದ ಸೀಮೆಯಲ್ಲಿ ಮೇಯ್ದ ದನ ಸೊರಗುತ್ತ ಹೋಗುವ ರೋಗ. ಪೊದೆ ದಟ್ಟವಾದ ನದಿಬದಿಗೆ ದನ ಹೊಡೆಯದಿರುವುದೇ ಅದಕ್ಕೆ ಮೊದಲ ಮದ್ದು. ಸೋಂಬೆಸ್ಸಕ್ಕೆ ಪಶ್ಚಿಮ ಆಫ್ರಿಕಾದ ಫುಲಾನಿಗಳು ಸತ್ತ ದನದ ಶ್ವಾಸಕೋಶದ ಚೂರನ್ನು ಆರೋಗ್ಯದ ದನದ ಮೂಗಿನ ಮೇಲಿನ ಚರ್ಮ ಸೀಳಿ ಇಟ್ಟು ಲಸಿಕೆ ಹಾಕುತ್ತಿದ್ದರು. ಕೆಲವು ದನ ಅದರಿಂದಲೇ ಸತ್ತರೂ ಬದುಕಿದವಕ್ಕೆ ರಕ್ಷಣೆ ಸಿಗುತ್ತಿತ್ತು. ಹಾಗೆಂದು ಎಲ್ಲ ಮನೆಮದ್ದನ್ನೂ ಹೊಗಳಬೇಕಿಲ್ಲ. ಸಿಕ್ಕಸಿಕ್ಕಲ್ಲಿ ಬರೆ ಹಾಕುವುದರಿಂದ ತೊಗಲು ಹಾಳಾಗುವುದೇ ಹೆಚ್ಚು. ಸಂತೆಯಲ್ಲಿ ಬಿಡಿಯಾಗಿ ಸಿಗುವ ಔಷಧಿಯನ್ನು ಅರ್ಧ ಪ್ರಮಾಣದಲ್ಲಿ ಚುಚ್ಚಿಕೊಳ್ಳುವ ಹೊಸ ಅಭ್ಯಾಸ ಅದಕ್ಕಿಂತ ಕೆಟ್ಟದ್ದು. ರೋಗ ಹೋಗುವುದಿಲ್ಲ, ಔಷಧಿಗೆ ಬಗ್ಗದ ರೋಗಾಣು ಉಳಿಯುತ್ತದೆ.

ನಮ್ಮಲ್ಲಿ ದೊಡ್ಡರೋಗ ಎನ್ನುತ್ತಿದ್ದ ರಿಂಡರ್‌ಪೆಸ್ಟ್‌ನ ಕಥೆ ಇಲ್ಲಿಗೆ ಸೇರಬೇಕಾದ್ದು. 1887ರ ಸುಮಾರಿಗೆ ಇಟಲಿಯ ಸೈನ್ಯಕ್ಕೆಂದು ಮಸ್ಸಾವಾ ಬಂದರಿಗೆ ತಂದ ದನಗಳೊಂದಿಗೆ, ಬಹುತೇಕ ಭಾರತದಿಂದ, ಅದು ಈ ಕಡೆಗೆ ಬಂದಿತೆನ್ನುತ್ತಾರೆ. ಇಥಿಯೋಪಿಯಾದ ದನಗಳಲ್ಲಿ ಹತ್ತಕ್ಕೆ ಒಂಬತ್ತು ಸತ್ತವೆಂಬ ಅಂದಾಜಿದೆ, ಬೆನ್ನಿಗೇ 1888ರಿಂದ 1892ರವರೆಗಿನ ಮಹಾಕ್ಷಾಮ. ನೂರು ವರ್ಷಗಳ ಮೇಲೆ ರೋಗವನ್ನು ಅಟ್ಟಿಹಾಕಿದಾಗ ದನಗಾಹಿಗಳ ತಿಳಿವಳಿಕೆಯೇ ಕೆಲಸಕ್ಕೆ ಬಂತು. ರಸ್ತೆಯಿಲ್ಲದ ಅಫಾರ್‌ನಲ್ಲಿ ದನಗಾಹಿಗಳಿಗೇ ತರಬೇತಿ ಕೊಟ್ಟು, ತಣ್ಣಗಿಡದೆಯೂ ತಿಂಗಳ ಮಟ್ಟಿಗೆ ಕೆಡದ ಲಸಿಕೆಯನ್ನು ಅವರ ಕೈಯಿಂದಲೇ ಹಾಕಿಸಿದರು. ಯಾವ ಹಿಂಡಿನಲ್ಲಿ ಕಣ್ಣೀರು, ಬಾಯಿಹುಣ್ಣು, ಭೇದಿ ಒಟ್ಟಿಗೆ ಕಂಡಿವೆಯೆಂದು ಅವರು ಹೇಳಿದ ಜಾಡು ಹಿಡಿದೇ ಪಶುವೈದ್ಯರು ಕೊನೆಯ ಬೀಡುಗಳನ್ನು ಹುಡುಕಿದರು. ಇಥಿಯೋಪಿಯಾದಲ್ಲಿ ಕೊನೆಯದಾಗಿ ರೋಗ ಕಂಡದ್ದು 1995ರಲ್ಲಿ. 2011ರಲ್ಲಿ ಜಗತ್ತಿನಿಂದಲೇ ತೊಲಗಿತೆಂದು ಘೋಷಿಸಲಾಯಿತು. ಸಿಡುಬಿನ ನಂತರ ಮನುಷ್ಯರು ಅಳಿಸಿಹಾಕಿದ ಎರಡನೆಯ ರೋಗ ಅದು.

ಆರನೆಯ ದಿನ: ಮೊಯಾಲೆ ದಾರಿ

ಮೇಗಾ ದಾಟಿ ಕೆನ್ಯಾ ಗಡಿಯ ಊರು ಮೊಯಾಲೆಗೆ ಇಳಿಯುವ ದಾರಿಯಲ್ಲಿ ನೆಲ ಇನ್ನಷ್ಟು ಬತ್ತುತ್ತದೆ. ದನಕ್ಕಿಂತ ಒಂಟೆ ಹೆಚ್ಚು ಕಾಣತೊಡಗುತ್ತವೆ. ಬೋರಾನರು ಹಿಂದೆ ಒಂಟೆಯನ್ನು ಅಷ್ಟಾಗಿ ಸಾಕುತ್ತಿರಲಿಲ್ಲ. ಮುಳ್ಳುಪೊದೆ ತಿನ್ನುವ, ಹತ್ತು ದಿನ ನೀರಿಲ್ಲದೆ ತಡೆಯುವ ಪ್ರಾಣಿ ಈಗ ಬೇಕಾಗಿದೆ. ಹುಲ್ಲಿನ ಹಿಂಡಿನ ವಿದ್ಯೆ ಬಲ್ಲವರು ಒಂಟೆಯ ವಿದ್ಯೆಯನ್ನು ನೆರೆಯ ಗಬ್ರಾ ಜನರಿಂದ ಕಲಿಯುತ್ತಿದ್ದಾರೆ.

ಹೆದ್ದಾರಿ ಬಿಟ್ಟು ಪೂರ್ವಕ್ಕೆ ಹೋದರೆ ಗಾಯೊ ಬಾವಿಗಳು. ಎಂಟು ವರ್ಷಕ್ಕೊಮ್ಮೆ ಇಲ್ಲಿ ಗುಮಿ ಗಾಯೊ ಎಂಬ ಮಹಾಸಭೆ. ಬಾವಿಯ ಪಾಳಿ, ಮೇವಿನ ನೆಲ, ಮದುವೆ, ಕೊಲೆ, ಎಲ್ಲದರ ಕಟ್ಟಳೆಯೂ ಇಲ್ಲಿ ಚರ್ಚೆಯಾಗುತ್ತದೆ, ಹಳೆಯದು ತಿದ್ದುಪಡಿಯಾಗುತ್ತದೆ. ನಾಯಕತ್ವವೂ ಎಂಟು ವರ್ಷಕ್ಕೊಮ್ಮೆ ಒಂದು ಗುಂಪಿನಿಂದ ಇನ್ನೊಂದಕ್ಕೆ ದಾಟುವ ಗದಾ ಪದ್ಧತಿಯನ್ನು ಯುನೆಸ್ಕೊ 2016ರಲ್ಲಿ ತನ್ನ ಪಟ್ಟಿಗೆ ಸೇರಿಸಿತು. ಕಾಲದ ಲೆಕ್ಕ ಇಡುವವರು ಅಯ್ಯಂತು. ಕೃತ್ತಿಕೆ, ರೋಹಿಣಿಯ ಕೆಂಪು ತಾರೆ, ಮೃಗವ್ಯಾಧ ಮೊದಲಾದ ಚುಕ್ಕಿಗಳ ಜೊತೆ ಚಂದ್ರನ ಇರವು ನೋಡಿ ತಿಂಗಳು ಗುರುತಿಸುತ್ತಾರೆ. ದಿನಗಳಿಗೆ 27 ಹೆಸರುಗಳು. ಕ್ಯಾಲೆಂಡರು ಬರೆದಿಟ್ಟದ್ದಲ್ಲ, ಬಾಯಿಪಾಠ. ಮುಂದಿನ ಮಳೆ ಹೇಗೆಂದು ಚುಕ್ಕಿ ನೋಡಿಯೂ ಹೇಳುತ್ತಾರೆ, ಕೊಯ್ದ ದನದ ಕರುಳು ಓದಿಯೂ ಹೇಳುತ್ತಾರೆ. ಆ ಭವಿಷ್ಯದ ಮೇಲೆ ಹಿಂಡನ್ನೆಲ್ಲ ಪಣಕ್ಕಿಡುವ ದನಗಾಹಿ ಮಾತ್ರ ಅಪರೂಪ. ಭವಿಷ್ಯ ಕೇಳಿಸಿಕೊಂಡು ಅಬುರು ಕಳಿಸುತ್ತಾನೆ.

2020ರ ಕೊನೆಯಿಂದ ಸತತ ಐದು ಮಳೆಗಾಲ ಕೈಕೊಟ್ಟವು. ಈ ದಾರಿಯುದ್ದಕ್ಕೂ ದೊಡ್ಡಿಗಳು ಖಾಲಿಯಾದವು. ಪಾಳಿ, ಫೋರಾ, ಕಾಲೊ, ಯಾವುದೂ ಅಷ್ಟು ಉದ್ದದ ಬರಕ್ಕೆ ಸಾಲಲಿಲ್ಲ. ಮೇವು ಹುಡುಕಿ ಹೋಗಬೇಕಿದ್ದ ಜಾಗಗಳಲ್ಲಿ ಅರ್ಧ ಆಗಲೇ ಹೊಲ, ಬೇಲಿ, ಪೊದೆ, ಹಗೆತನಗಳಿಂದ ಮುಚ್ಚಿಹೋಗಿದ್ದವು. ದನ ಕಳೆದುಕೊಂಡವರಿಗೆ ಕುಲದವರು ದನ ಕೂಡಿಸಿ ಕೊಡುವ ಕಟ್ಟಳೆ ಬುಸಾ ಗೊನೋಫಾ. ಕೇಳುವವನು ಕುಲದ ಸಭೆಗೆ ಬರಬೇಕು. ದನ ಹೇಗೆ ಹೋಯಿತು, ಬರದಲ್ಲೋ, ಕಳ್ಳತನದಲ್ಲೋ, ಸೋಮಾರಿತನದಲ್ಲೋ ಎಂದು ವಿಚಾರಣೆಯಾಗುತ್ತದೆ. ಕೊಡುವುದು ಸಾಮಾನ್ಯವಾಗಿ ಹಸು ಅಥವಾ ಕಡಸು, ಹಾಲು ಮತ್ತು ಕರುಗಳ ದಾರಿ ತೆರೆಯಲಿ ಎಂದು. ಎಲ್ಲರ ದೊಡ್ಡಿಯೂ ಒಟ್ಟಿಗೆ ಖಾಲಿಯಾದಾಗ ಕೊಡುವವರೇ ಸಿಗುವುದಿಲ್ಲ, ಅದು ಈ ಪದ್ಧತಿಯ ಮಿತಿ.

ಇಲ್ಲಿಯ ಮೇವಿನಲ್ಲಿ ಕಡಸು ಮೊದಲ ಕರು ಹಾಕಲು ಸುಮಾರು ನಾಲ್ಕು ವರ್ಷವಾಗುತ್ತದೆ. ಇಂದು ಹುಟ್ಟಿದ ಹೆಣ್ಣುಗರುವನ್ನು ಕೊಟ್ಟರೆ ಅದರ ಮಗಳು ಕರು ಹಾಕುವ ಹೊತ್ತಿಗೆ ಒಂದು ಗದಾ ಅವಧಿಯೇ ಕಳೆದಿರುತ್ತದೆ. ಅಲ್ಲಿಯವರೆಗೆ ಮನೆ ನಡೆಯುವುದು ಆಡಿನ ಹಾಲಿನಿಂದ, ಮೊಯಾಲೆಯ ಕೂಲಿಯಿಂದ, ಶಕ್ತಿಯಿದ್ದವರಿಗೆ ಒಂದೆರಡು ಒಂಟೆಯಿಂದ.